ಗಣಿ ಹಣದ ಲೆಕ್ಕ: ಟನ್ನಿನಿಂದ ನಲ್ಲಿಯವರೆಗೆ

ಕೇಳುಗರಿಗೆ ನಮಸ್ಕಾರ.

ಸಂಡೂರಿನ ಗುಡ್ಡದಿಂದ ಅದಿರಿನ ಲಾರಿ ಇಳಿದು ಹೋದ ಮೇಲೆ ಊರಲ್ಲಿ ಕೆಂಪು ದೂಳು ಉಳಿಯುತ್ತದೆ. ಕಾನೂನಿನ ಪ್ರಕಾರ ಒಂದು ಪಾಲು ಹಣವೂ ಉಳಿಯಬೇಕು. 2015ರಲ್ಲಿ ಗಣಿ ಕಾಯ್ದೆಗೆ 9ಬಿ ಕಲಂ ಸೇರಿದ್ದು, ಗಣಿಯಿಂದ ಬಾಧಿತವಾದ ಊರುಗಳಿಗೆ ಹಣ ಒದಗಿಸುವ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದದ್ದು ಇದಕ್ಕಾಗಿಯೇ.

ಲೆಕ್ಕ ಕೇಳಲು ಹೊರಟ ಸಂಘಗಳು ಸಾಮಾನ್ಯವಾಗಿ 'ಎಷ್ಟು ಖರ್ಚಾಯಿತು' ಎಂಬಲ್ಲಿಂದ ಶುರು ಮಾಡುತ್ತವೆ. ಎಷ್ಟು ಬರಬೇಕಿತ್ತು ಎಂಬುದನ್ನು ಮೊದಲು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಕಬ್ಬಿಣದ ಅದಿರಿನ ರಾಜಧನ, ಅಂದರೆ ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕಟ್ಟುವ ರಾಯಲ್ಟಿ, ಸರಾಸರಿ ಮಾರಾಟ ಬೆಲೆಯ ಶೇ 15. ಲೆಕ್ಕಕ್ಕೆಂದು ಟನ್ನಿಗೆ 4,000 ರೂಪಾಯಿ ಹಿಡಿಯೋಣ. ರಾಜಧನ 600 ಆಯಿತು. 2015ಕ್ಕೂ ಹಿಂದಿನ ಗುತ್ತಿಗೆಯಾದರೆ ಅದರ ಶೇ 30, ಅಂದರೆ 180 ರೂಪಾಯಿ ಪ್ರತಿಷ್ಠಾನಕ್ಕೆ. ಹರಾಜಿನಲ್ಲಿ ಪಡೆದ ಗುತ್ತಿಗೆಯಾದರೆ ಶೇ 10, ಬರೀ 60. ಲಕ್ಷ ಟನ್ನಿಗೆ ಒಂದು ಕಡೆ 1 ಕೋಟಿ 80 ಲಕ್ಷ, ಇನ್ನೊಂದು ಕಡೆ 60 ಲಕ್ಷ! ಗುತ್ತಿಗೆ ಯಾವ ಬಗೆಯದೆಂದು ನೋಡದೆ ಹಾಕಿದ ಲೆಕ್ಕ ಅಧಿಕಾರಿಯ ಮುಂದೆ ಒಂದು ನಿಮಿಷವೂ ನಿಲ್ಲುವುದಿಲ್ಲ.

ಎಡವುವ ಜಾಗ ಇನ್ನೂ ಇವೆ. ಭಾರತೀಯ ಗಣಿ ಬ್ಯೂರೊ ಪ್ರಕಟಿಸುವ ಈ ಸರಾಸರಿ ಬೆಲೆ ತಿಂಗಳಿಗೊಂದು, ಗ್ರೇಡಿಗೊಂದು. ಗಟ್ಟಿ ಅದಿರಿಗೂ ಪುಡಿ ಅದಿರಿಗೂ ಬೇರೆ ಬೇರೆ. ಮೇಲ್ದರ್ಜೆಯ ಅದಿರನ್ನು ಕೆಳದರ್ಜೆಯೆಂದು ಬರೆಸಿದರೆ ರಾಜಧನವೂ ಇಳಿಯುತ್ತದೆ, ಊರಿನ ಪಾಲೂ ಇಳಿಯುತ್ತದೆ. ಹಾಗಾಗಿ ಟನ್ನಿನ ಜೊತೆ ಗ್ರೇಡನ್ನೂ ಕೇಳಿ. ಹರಾಜಿನ ಪ್ರೀಮಿಯಂ, ಅಂದರೆ ಗುತ್ತಿಗೆ ಗೆಲ್ಲಲು ಕೂಗಿದ ಹೆಚ್ಚುವರಿ ಪಾಲು, ಸರ್ಕಾರಕ್ಕೆ ಹೋಗುವ ಹಣ, ಇದರಲ್ಲಿ ಸೇರಿಸಬೇಡಿ.

ಈ ವಿವರಗಳನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ಅರ್ಜಿ ವಾಪಸು ಬರುತ್ತದೆ. ಆದ್ದರಿಂದ ಗುತ್ತಿಗೆವಾರು ಜಮೆಗೆ ಒಂದು ಅರ್ಜಿ, ಪ್ರತಿಷ್ಠಾನದ ಸಭೆಯ ನಡವಳಿಗೆ ಇನ್ನೊಂದು, ಒಂದು ಕಾಮಗಾರಿಯ ಕಾರ್ಯಾದೇಶ, ಬಿಲ್ಲು, ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ದಾಖಲೆ) ಪ್ರತಿಗೆ ಮತ್ತೊಂದು ಹಾಕಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು.

ಕೇಂದ್ರದ 2024ರ ಮಾರ್ಗಸೂಚಿಯಂತೆ ಪ್ರತಿಷ್ಠಾನದ ಕನಿಷ್ಠ ಶೇ 70 ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಕೆಲಸಗಳಿಗೆ ಹೋಗಬೇಕು. ಕಾಗದದಲ್ಲಿ ಶೇಕಡಾವಾರು ಸರಿಯಾಗಿಯೇ ಕಾಣಬಹುದು. ಅದಕ್ಕೇ ಒಂದು ನೀರಿನ ಘಟಕವನ್ನು ಆರಿಸಿಕೊಂಡು, ಅಳತೆ ಪುಸ್ತಕ ಹಿಡಿದು ಸ್ಥಳಕ್ಕೇ ಹೋಗಿ. ಟ್ಯಾಂಕಿನ ಲೀಟರ್ ಎಷ್ಟು, ಪೈಪು ಎಷ್ಟು ಮೀಟರ್, ಮೀಟರ್ ಪೆಟ್ಟಿಗೆಗೆ ಕರೆಂಟು ಬಂದಿದೆಯೇ, ನೋಡಿ. ಘಟಕ ಕಟ್ಟಿ, ವಿದ್ಯುತ್ ಸಂಪರ್ಕವಿಲ್ಲದೆ ಬೀಗ ಬಿದ್ದಿದ್ದರೆ, ದಿನಾಂಕ ಕಾಣುವಂತೆ ಫೋಟೊ ತೆಗೆದು, ಬಿಲ್ಲಿನ ಪ್ರತಿಯೊಂದಿಗೆ ಗ್ರಾಮಸಭೆಯಲ್ಲಿ ಓದಿ ಹೇಳಿ, ನಡವಳಿಯಲ್ಲಿ ಬರೆಸಿ. ನಡವಳಿಯ ಪ್ರತಿಯನ್ನು ಪ್ರತಿಷ್ಠಾನದ ಅಧ್ಯಕ್ಷರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.