ಲಾಭ ಯಾರಿಗೆ, ನಷ್ಟ ಯಾರಿಗೆ? ಅಮೆರಿಕದ ಪಶ್ಚಿಮ ವಿಸ್ತರಣೆ

ಕೇಳುಗರೇ, ನಮಸ್ಕಾರ.

ಅಮೆರಿಕ ಪಶ್ಚಿಮಕ್ಕೆ ಹರಡಿದ್ದರಿಂದ ಆದ ಲಾಭ-ನಷ್ಟಗಳೇನು? ಈ ಪ್ರಶ್ನೆ ಬಂದರೆ ವಿದ್ಯಾರ್ಥಿಗಳು ಹಾಳೆಯ ನಡುವೆ ಗೆರೆ ಎಳೆದು, ಈ ಕಡೆ ಲಾಭ, ಆ ಕಡೆ ನಷ್ಟ ಅಂತ ಪಟ್ಟಿ ಮಾಡಿಬಿಡುತ್ತಾರೆ. ಪಟ್ಟಿಯೇನೋ ಸರಿ. ಆದರೆ ಅದರಲ್ಲಿ ಮನುಷ್ಯರೇ ಇರುವುದಿಲ್ಲ! ಲಾಭ ಯಾರಿಗೆ? ನಷ್ಟ ಯಾರಿಗೆ? ದಯವಿಟ್ಟು ಅದನ್ನು ಮೊದಲು ಕೇಳಿ.

ಲಾಭ ದೊಡ್ಡದೇ. 1803ರಲ್ಲಿ ನೆಪೋಲಿಯನ್ ಲೂಸಿಯಾನ ಪ್ರದೇಶವನ್ನು 1.5 ಕೋಟಿ ಡಾಲರಿಗೆ ಮಾರಿದ. ಅಮೆರಿಕ ಒಂದೇ ಏಟಿಗೆ ಹೆಚ್ಚುಕಡಿಮೆ ಎರಡರಷ್ಟಾಯಿತು. 1862ರ ಹೋಮ್‌ಸ್ಟೆಡ್ ಕಾಯ್ದೆ ಬಂದ ಮೇಲೆ, ಸಣ್ಣ ಶುಲ್ಕ ಕಟ್ಟಿ 5 ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದವರಿಗೆ 160 ಎಕರೆ. ಯುರೋಪಿನಿಂದ ಬರಿಗೈಲಿ ಬಂದ ಬಡ ರೈತನಿಗೆ ಅದು ಸಣ್ಣ ಮಾತಲ್ಲ. ಆದರೆ ಆ ನೆಲ ಖಾಲಿ ಬಿದ್ದಿತ್ತೇ? ಇಲ್ಲ.

ಬ್ಲ್ಯಾಕ್ ಹಿಲ್ಸ್ ಕಥೆ ಕೇಳಿ. ಇವತ್ತಿನ ಸೌತ್ ಡಕೋಟದಲ್ಲಿ, ಪೈನ್ ಮರಗಳು ದಟ್ಟವಾಗಿ ಬೆಳೆದು ದೂರಕ್ಕೆ ಕಪ್ಪಗೆ ಕಾಣುವ ಬೆಟ್ಟಸಾಲು. ಅಲ್ಲಿನ ಮೂಲನಿವಾಸಿಗಳಾದ ಲಕೋಟ ಜನರಿಗೆ ಪವಿತ್ರ ಜಾಗ. 1868ರಲ್ಲಿ ಫೋರ್ಟ್ ಲಾರಮಿಯಲ್ಲಿ ಸರ್ಕಾರವೇ ಒಪ್ಪಂದ ಮಾಡಿಕೊಂಡಿತು: ಇದು ನಿಮ್ಮದು, ಬಿಳಿಯರು ಇಲ್ಲಿ ನೆಲೆಸುವಂತಿಲ್ಲ. ಆರೇ ವರ್ಷ! 1874ರಲ್ಲಿ ಕಸ್ಟರ್ ಎಂಬ ಸೇನಾಧಿಕಾರಿ ದಂಡು ಕಟ್ಟಿಕೊಂಡು ಬೆಟ್ಟ ಹತ್ತಿದ. ಚಿನ್ನ ಸಿಕ್ಕಿತು. ಇನ್ನೇನು, ಜನ ಮುಗಿಬಿದ್ದರು. ಸರ್ಕಾರ ಬೆಟ್ಟ ಕೊಳ್ಳಲು ನೋಡಿತು, ಲಕೋಟರು ಒಪ್ಪಲಿಲ್ಲ. ಯುದ್ಧವಾಯಿತು, ಕಸ್ಟರ್ ಸತ್ತ. ಆಮೇಲೆ ಸರ್ಕಾರ ಹೇಳಿದ್ದೇನು ಗೊತ್ತೇ? ಬೆಟ್ಟ ಬಿಟ್ಟುಕೊಡಿ, ಇಲ್ಲದಿದ್ದರೆ ಪಡಿತರ ಇಲ್ಲ. ಬೇಟೆಯ ದಾರಿ ಮುಚ್ಚಿಹೋದ ಜನಕ್ಕೆ ಹೀಗೆ ಹೇಳಿದರು! ಒಪ್ಪಂದದ ಪ್ರಕಾರ ನೆಲ ಬಿಡಬೇಕಾದರೆ ವಯಸ್ಕ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಸಹಿ ಹಾಕಬೇಕಿತ್ತು. ಹಾಕಿದವರು ಹತ್ತರಲ್ಲಿ ಒಬ್ಬರಷ್ಟು ಮಾತ್ರ. ಆದರೂ 1877ರಲ್ಲಿ ಕಾನೂನು ಮಾಡಿ ಬೆಟ್ಟ ಕಿತ್ತುಕೊಂಡರು. ಅಲ್ಲಿನ ಹೋಮ್‌ಸ್ಟೇಕ್ ಗಣಿ 2002ರವರೆಗೂ ಚಿನ್ನ ತೆಗೆಯಿತು. ಲಾಭ ಯಾರಿಗೆ?

ಇಲ್ಲಿಗೆ ಮುಗಿಯಲಿಲ್ಲ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬೆಟ್ಟ ಕಿತ್ತುಕೊಂಡಿದ್ದಕ್ಕೆ ಪರಿಹಾರ ಕೊಡಲೇಬೇಕು ಅಂತ ತೀರ್ಪು ಕೊಟ್ಟಿತು. ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಜಾಸ್ತಿ. ದೇಶದ ಅತಿ ಬಡ ಊರುಗಳಲ್ಲಿ ಬದುಕುವ ಆ ಜನ ಹಣ ಮುಟ್ಟಲಿಲ್ಲ. ನಮ್ಮ ಬೆಟ್ಟ ಮಾರಾಟಕ್ಕಿಲ್ಲ ಅಂದರು. ಆ ದುಡ್ಡು ಬಡ್ಡಿ ಬೆಳೆದು 100 ಕೋಟಿ ಡಾಲರ್ ದಾಟಿತು. ಇದನ್ನು ನಿಮ್ಮ ಪಟ್ಟಿಯ ಯಾವ ಕಡೆಗೆ ಬರೆಯುತ್ತೀರಿ, ಹೇಳಿ?

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಇನ್ನೊಂದು ಮೂಲನಿವಾಸಿ ಗುಂಪಾದ ಚೆರೋಕಿ ಜನರನ್ನು 1838ರಲ್ಲಿ ಸೈನಿಕರು ಮನೆಗಳಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದರು. ಚಳಿ, ಹಸಿವು, ರೋಗಕ್ಕೆ ಸಾವಿರಾರು ಜನ ದಾರಿಯಲ್ಲೇ ಸತ್ತರು. ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳನ್ನು ಚರ್ಮಕ್ಕಾಗಿ ಕೊಂದು ಕೊಂದು, 1880ರ ದಶಕ ಮುಗಿಯುವಷ್ಟರಲ್ಲಿ ನೂರಾರಕ್ಕೆ ಇಳಿಸಿದರು.

ಇನ್ನು ರೈಲು. 1869ರ ಮೇ 10ರಂದು ಯೂಟಾದಲ್ಲಿ ಪೂರ್ವ-ಪಶ್ಚಿಮದ ಹಳಿಗಳು ಕೂಡಿದವು. ಲಾಭದ ಪಟ್ಟಿಯಲ್ಲಿ ಎಲ್ಲರೂ ಬರೆಯುವುದು ಇದನ್ನೇ. ಪಶ್ಚಿಮದ ಕಡೆಯಿಂದ ಸಿಯೆರಾ ನೆವಾಡ ಬೆಟ್ಟಗಳ ಬಂಡೆ ಸಿಡಿಸಿ, ಹಿಮದಲ್ಲಿ ನಿಂತು ಆ ಹಳಿ ಹಾಕಿದವರು ಸಾವಿರಾರು ಚೀನೀ ಕೂಲಿಗಳು. 13 ವರ್ಷ ಕಳೆದ ಮೇಲೆ, 1882ರಲ್ಲಿ, ಚೀನೀ ಕೂಲಿಗಳು ಇನ್ನು ದೇಶದೊಳಗೆ ಬರಲೇಬಾರದು ಅಂತ ಅದೇ ಅಮೆರಿಕ ಕಾನೂನು ಮಾಡಿತು.

ನಮಸ್ಕಾರ.