ಮೆಲ್ಲಗೆ ಇಳಿಯುವ ಬ್ರೇಕ್ ಪೆಡಲ್

ಕ್ಯಾಮೆರಾ ಈಗ ಸ್ಟಿಯರಿಂಗ್ ಕೆಳಗಿದೆ. ನನ್ನ ಬಲಗಾಲಿನ ಮೇಲೆ ಕಣ್ಣಿಡಿ. ಎಂಜಿನ್ ಚಾಲೂ ಇದೆ, ಕಾರು ಅಂಗಳದಲ್ಲೇ ನಿಂತಿದೆ. ಪೆಡಲನ್ನು ಹದವಾಗಿ ಒತ್ತಿ ಹಿಡಿದಿದ್ದೇನೆ. ಮೊದಲು ಗಟ್ಟಿಯಾಗಿ ನಿಂತಿತು. ಈಗ ನೋಡಿ, ನಾನು ಬಲ ಹೆಚ್ಚಿಸದಿದ್ದರೂ ಅದು ಮೆಲ್ಲಮೆಲ್ಲಗೆ ಇಳಿಯುತ್ತಲೇ ಇದೆ.

ಈ ದೋಷವನ್ನು ನಾಳೆಗೆ ಎಂದು ಮುಂದೂಡುವ ಮಾತೇ ಇಲ್ಲ. ಬೆಳಗಾವಿಯವರಿಗೆ ಜಾಂಬೋಟಿ, ಕಣಕುಂಬಿ ದಾಟಿದರೆ ಚೋರ್ಲಾ ಘಾಟ್. ಮಳೆಗಾಲದಲ್ಲಿ ಮಂಜು, ಒದ್ದೆ ರಸ್ತೆ, ತಿರುವಿನ ಬೆನ್ನಿಗೆ ತಿರುವು. ಅಲ್ಲಿ ಇಂಥ ಪೆಡಲ್ ಇರುವ ಕಾರನ್ನು ಇಳಿಸುವುದು ಜೀವದ ಜೊತೆ ಆಟ. ದುರಸ್ತಿ ಮುಗಿಯುವವರೆಗೆ ಈ ಕಾರು ಗೇಟು ದಾಟುವುದಿಲ್ಲ.

ಯಾರನ್ನು ಕೇಳಿದರೂ ಮೊದಲು ಸಿಗುವ ಉತ್ತರ ಒಂದೇ: ಲೈನಿನಲ್ಲಿ ಗಾಳಿ ಸೇರಿದೆ, ಏರ್ ತೆಗೆಸಿ. ನಾನು ಇದನ್ನು ಒಪ್ಪುವುದಿಲ್ಲ. ಗಾಳಿ ಸೇರಿದ್ದರೆ ಪೆಡಲ್ ಆರಂಭದಿಂದಲೇ ಮೆತ್ತಗಿರುತ್ತದೆ. ನಾಲ್ಕಾರು ಬಾರಿ ತುಳಿದರೆ ಬಿಗಿಯಾಗಿ ಮೇಲೆ ಬರುತ್ತದೆ. ಗಾಳಿ ಕುಗ್ಗುತ್ತದೆಯೇ ಹೊರತು ಎಲ್ಲಿಗೂ ಹೋಗುವುದಿಲ್ಲ. ನನ್ನ ಪೆಡಲ್ ಮೆತ್ತಗಿಲ್ಲ, ಜಾರುತ್ತಿದೆ. ಪೆಡಲ್ ಕಲ್ಲಿನಂತೆ ಬಿಗಿಯಾಗಿದ್ದರೆ ನಮ್ಮ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಕೊಳವೆಯನ್ನು ಅನುಮಾನಿಸಬೇಕಿತ್ತು. ಅದನ್ನೂ ನೋಡಿಬಿಡೋಣ. ಎಂಜಿನ್ ನಿಲ್ಲಿಸಿ, ಪೆಡಲ್ ಬಿಗಿಯಾಗುವವರೆಗೆ ತುಳಿದು, ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡುತ್ತೇನೆ. ಒಮ್ಮೆ ಸ್ವಲ್ಪ ತಗ್ಗಿತು. ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು, ಹೆದರಬೇಕಾದದ್ದಲ್ಲ.

ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವ ವಸ್ತುವಲ್ಲ. ಪೆಡಲ್ ಇಳಿಯುತ್ತಲೇ ಇದೆ ಎಂದರೆ ಆಯಿಲ್ ಎಲ್ಲೋ ಸರಿದು ಹೋಗುತ್ತಿದೆ. ಹೊರಗೋ, ಒಳಗೋ? ಆಯಿಲ್ ಡಬ್ಬಿಯ ಮಟ್ಟಕ್ಕೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು ಕೆಲವು ದಿನ ಕಾದೆ. ಮಟ್ಟ ಇಳಿಯಲಿಲ್ಲ. ಆದರೂ ಚಕ್ರಗಳನ್ನು ಬಿಚ್ಚಿದೆ. ಜಾಕ್ ಒಂದನ್ನೇ ನಂಬಬೇಡಿ. ಚಕ್ರ ಬಿಚ್ಚುವ ಮೊದಲು ಸ್ಟ್ಯಾಂಡ್ ಕೊಡಿ, ನೆಲದಲ್ಲಿರುವ ಚಕ್ರಗಳಿಗೆ ಅಡ್ಡಗಲ್ಲು ಇಡಿ. ಹಿಂದಿನ ಡ್ರಮ್ಮಿನೊಳಗೆ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯ ಅಂಚನ್ನು ಮಾತ್ರ ಎತ್ತಿ ನೋಡಿದೆ, ಒಳಗೆ ತೇವವಿಲ್ಲ. ಮುಂದಿನ ಕ್ಯಾಲಿಪರ್, ಹೋಸ್, ಪೈಪ್ ಎಲ್ಲವೂ ಒಣಗಿವೆ. ಹೆಚ್ಚಿನವರು ಮರೆಯುವ ಇನ್ನೊಂದು ಜಾಗವಿದೆ: ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಹಿಂಭಾಗ. ಅಲ್ಲಿಂದ ಸೋರಿದ ಆಯಿಲ್ ನೇರವಾಗಿ ಬೂಸ್ಟರ್ ಒಳಗೆ ಸೇರುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಎರಡು ನಟ್ ಬಿಚ್ಚಿ ಸಿಲಿಂಡರನ್ನು ತುಸು ಮುಂದೆ ಎಳೆದು ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆ ಬೆಳ್ಳಗೇ ಉಳಿಯಿತು.

ಹಾಗಾದರೆ ಸೋರಿಕೆ ಒಳಗೇ. ಮಾಸ್ಟರ್ ಸಿಲಿಂಡರಿನಲ್ಲಿ ಒಂದರ ಹಿಂದೆ ಒಂದು ಎರಡು ಪಿಸ್ಟನ್‌ಗಳಿವೆ. ಬ್ರೇಕ್ ಪೈಪುಗಳ ಒಂದು ಸಾಲು ಕೈಕೊಟ್ಟರೂ ಇನ್ನೊಂದು ಉಳಿಯಲಿ ಎಂಬ ಉದ್ದೇಶ. ಅವುಗಳ ರಬ್ಬರ್ ಕಪ್ಪಿನ ಅಂಚು ಸವೆದರೆ, ವಾಷರ್ ಹೋದ ಸೈಕಲ್ ಪಂಪಿನಲ್ಲಿ ಗಾಳಿ ಹಿಂದಕ್ಕೆ ನುಸುಳುವಂತೆ ಆಯಿಲ್ ಕಪ್ಪನ್ನು ದಾಟಿ ಹಿಂದಕ್ಕೆ ಬಂದುಬಿಡುತ್ತದೆ. ಜೋರಾಗಿ ತುಳಿದಾಗ ಒತ್ತಡಕ್ಕೆ ಕಪ್ಪಿನ ಅಂಚು ಅರಳಿ ಗೋಡೆಗೆ ಕಚ್ಚಿಕೊಳ್ಳಬಹುದು, ಪೆಡಲ್ ನಿಲ್ಲಬಹುದು. ಸಿಗ್ನಲ್‌ನಲ್ಲಿ ಹಗುರವಾಗಿ ಒತ್ತಿ ನಿಂತಾಗ ಮಾತ್ರ ಜಾರುತ್ತದೆ. ಅದಕ್ಕೇ ಎಷ್ಟೋ ಜನ ಇದನ್ನು ತಿಂಗಳುಗಟ್ಟಲೆ ಗಮನಿಸುವುದಿಲ್ಲ.

ಕಾರಣ ಹಳೆಯ ಆಯಿಲ್. ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲ್ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವವನ್ನು ಹೀರುತ್ತವೆ. ನಮ್ಮ ಊರಿನ ಮಳೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ತೇವದಿಂದ ಒಳಗೋಡೆಗೆ ತುಕ್ಕು. ಕುದಿಯುವ ಬಿಂದುವೂ ಇಳಿಯುತ್ತದೆ: ಡಾಟ್ 4ರ ಕನಿಷ್ಠ ಮಾನದಂಡ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್, ನೀರು ಸೇರಿದಾಗ 155. ಘಾಟಿನಲ್ಲಿ ಬಿಸಿಯೇರಿದ ಬ್ರೇಕಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಬಿಚ್ಚಿದ ಸಿಲಿಂಡರ್ ಇಲ್ಲಿದೆ. ಟಾರ್ಚ್ ಬೆಳಕಿನಲ್ಲಿ ಒಳಗೋಡೆ ನೋಡಿ, ಸಣ್ಣ ಸಣ್ಣ ಗುಳಿಗಳು. ರಬ್ಬರ್ ಕಿಟ್ ಮಾತ್ರ ಹಾಕಿದರೆ ಹಣ ಉಳಿಯುತ್ತದೆ, ನಿಜ. ಆದರೆ ಇಂಥ ಗೋಡೆ ಹೊಸ ಕಪ್ಪನ್ನೂ ಕೊರೆದುಹಾಕುತ್ತದೆ. ನಮ್ಮ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರಿನ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಬೋರ್, ಅಂದರೆ ಒಳಗೋಡೆ, ಕೆಟ್ಟ ಮೇಲೆ ಸೀಲ್ ಬದಲಿಸಿ ಫಲವಿಲ್ಲ ಎನ್ನುತ್ತಾರೆ. ನಾನು ಹೊಸ ಸಿಲಿಂಡರನ್ನೇ ತಂದೆ.

ಅದನ್ನು ಕಾರಿಗೆ ಕೂರಿಸುವ ಮೊದಲು ವೈಸ್‌ನಲ್ಲಿ ಹಿಡಿದು, ಎರಡು ಕೊಳವೆಗಳನ್ನು ಅದರ ಡಬ್ಬಿಗೇ ತಿರುಗಿಸಿ, ಪಿಸ್ಟನನ್ನು ನಿಧಾನವಾಗಿ ಒತ್ತುತ್ತಿದ್ದೇನೆ. ಗುಳ್ಳೆ ನಿಲ್ಲುವವರೆಗೂ ಇದೇ ಕೆಲಸ. ಈ ಹಂತ ಬಿಟ್ಟರೆ ಒಳಗಿನ ಗಾಳಿಯನ್ನು ಆಮೇಲೆ ಹೊರಹಾಕುವುದು ಬಹಳ ಕಷ್ಟ. ಪೈಪಿನ ನಟ್‌ಗಳಿಗೆ ಫ್ಲೇರ್ ನಟ್ ಸ್ಪ್ಯಾನರ್ ಬಳಸಿ. ಸಾದಾ ಸ್ಪ್ಯಾನರ್ ಮೂಲೆಗಳನ್ನು ಸವೆಸುತ್ತದೆ. ಮೊದಲ ಕೆಲವು ಸುತ್ತು ಕೈಯಿಂದಲೇ ತಿರುಗಿಸಿ. ಆಯಿಲ್ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಕಿತ್ತುಬರುತ್ತದೆ. ಎಂಜಿನ್ ಆಯಿಲ್ ಮಾತ್ರ ಈ ಡಬ್ಬಿಗೆ ಎಂದೂ ಬೇಡ, ರಬ್ಬರ್ ಊದಿಕೊಂಡು ಇಡೀ ವ್ಯವಸ್ಥೆ ಹಾಳಾಗುತ್ತದೆ.

ಸಿಲಿಂಡರ್ ಕೂರಿಸಿಯಾಯಿತು, ಈಗ ಪೈಪುಗಳ ಗಾಳಿ ತೆಗೆಯಬೇಕು. ಪೆಡಲ್ ಒತ್ತಲು ತಮ್ಮ ಕುಳಿತಿದ್ದಾನೆ. ಅವನು ಒತ್ತಿ ಹಿಡಿಯುತ್ತಾನೆ, ನಾನು ಚಕ್ರದ ಬಳಿ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯುತ್ತೇನೆ, ಆಮೇಲೆಯೇ ಅವನು ಕಾಲು ತೆಗೆಯುತ್ತಾನೆ. ಚಕ್ರಗಳ ಕ್ರಮ ಕಾರಿನಿಂದ ಕಾರಿಗೆ ಬೇರೆ, ಕೈಪಿಡಿ ನೋಡಿ. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದೊಳಗೆ ಗಾಳಿ ಹೋಗಿದ್ದರೆ ಕೆಲವು ಕಾರುಗಳಿಗೆ ಸ್ಕ್ಯಾನರ್ ಬೇಕಾಗುತ್ತದೆ. ಅದಕ್ಕೆ ವರ್ಕ್‌ಶಾಪ್ ದಾರಿಯೇ ಸರಿ.

ಅದೇ ಪರೀಕ್ಷೆ, ಅದೇ ಹಗುರ ಒತ್ತಡ. ಪೆಡಲ್ ನಿಂತಲ್ಲೇ ನಿಂತಿದೆ. ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ, ಬಳಿಕ ಖಾಲಿ ಬೀದಿಯಲ್ಲಿ ನಿಧಾನವಾಗಿ, ಹ್ಯಾಂಡ್ ಬ್ರೇಕ್ ಮೇಲೆ ಕೈಯಿಟ್ಟು ನೋಡಿದೆ. ರಾತ್ರಿ ಕಾರಿನ ಕೆಳಗೆ ಹಳೆಯ ಪತ್ರಿಕೆ ಹಾಸಿ ಬಿಡಿ. ಬೆಳಿಗ್ಗೆ ಯಾವುದಾದರೂ ನಟ್ ತೇವವಾಗಿದ್ದರೆ ಅದನ್ನು ತುಸು ಬಿಗಿದು, ಒರೆಸಿ, ಮತ್ತೆ ಪೆಡಲ್ ಒತ್ತಿ ನೋಡಿ. ಆಗಲೂ ಜಿನುಗಿದರೆ ಇನ್ನಷ್ಟು ಬಲ ಹಾಕಬೇಡಿ. ಪೈಪಿನ ತುದಿಯೇ ಕೆಟ್ಟಿರಬಹುದು, ಆ ಪೈಪ್ ಬದಲಿಸಿ.