ಯೆರೆಮೀಯ 29:11 ಗೋಡೆಗೆ ಹಾಕುವ ಮುಂಚೆ ಪೂರ್ತಿ ಪತ್ರ ಓದಿ

[ದೃಶ್ಯ: ಶಿವಮೊಗ್ಗ, ಬಿ.ಎಚ್. ರಸ್ತೆ. ಮಳೆ ಬಿಟ್ಟ ಸಂಜೆ. ಆಟೋ ಹಿಂದಿನ ಗಾಜಿನ ಮೇಲೆ ಒಂದು ವಚನದ ಸ್ಟಿಕ್ಕರ್.]

ನಮಸ್ಕಾರ. ಶಿವಮೊಗ್ಗದಲ್ಲಿ ನಾಲ್ಕು ಕ್ರೈಸ್ತರ ಮನೆಗೆ ಹೋದರೆ, ಒಂದರಲ್ಲಾದರೂ ಈ ವಚನ ಕಣ್ಣಿಗೆ ಬೀಳುತ್ತದೆ. ಬೈಬಲಿನ ಯೆರೆಮೀಯನ ಪುಸ್ತಕ, 29ನೇ ಅಧ್ಯಾಯ, 11ನೇ ವಚನ. ಕ್ಯಾಲೆಂಡರಿನಲ್ಲಿ, ಗೋಡೆಯ ಫ್ರೇಮಿನಲ್ಲಿ, ಮದುವೆ ಕಾರ್ಡಿನಲ್ಲಿ. ಅದರ ಅರ್ಥ ಇಷ್ಟು: ನಿಮ್ಮ ವಿಷಯದಲ್ಲಿ ನಾನು ಏನು ಯೋಚಿಸಿದ್ದೇನೆ ಅಂತ ನನಗೆ ಗೊತ್ತು, ಅದು ಕೇಡಿನ ಯೋಚನೆ ಅಲ್ಲ, ಹಿತದ ಯೋಚನೆ, ನಿಮಗೆ ನಿರೀಕ್ಷೆ ಇರಲಿ ಎನ್ನುವ ಯೋಚನೆ. ದೇವರು ಆಡಿದ ಮಾತು.

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಕಾರ್ಡ್ ಎತ್ತುವ ಪದ್ಧತಿ ನಮ್ಮ ಎಷ್ಟೋ ಸಭೆಗಳಲ್ಲಿದೆ. ತಟ್ಟೆಯಲ್ಲಿ ಕಾರ್ಡುಗಳನ್ನು ಮಗುಚಿ ಇಟ್ಟಿರುತ್ತಾರೆ. ಒಂದನ್ನು ತೆಗೆದುಕೊಳ್ಳಬೇಕು. ಈ ವಚನ ಬಂದವರ ಮುಖ ನೋಡಬೇಕು! ಪಕ್ಕದಲ್ಲಿ ಕೂತವರು, "ಅದಲು ಬದಲು ಮಾಡಿಕೊಳ್ಳೋಣವಾ?" ಅಂತ ತಮಾಷೆಗೆ ಕೇಳುವುದೂ ಉಂಟು.

[ದೃಶ್ಯ: ಅಡಿಕೆ ತೋಟ. ಸೋಗೆಯ ಮೇಲೆ ಚುಕ್ಕೆ ಹತ್ತಿರದಿಂದ.]

ಆಮೇಲೆ ಜುಲೈ ಬರುತ್ತದೆ. ಮಳೆ ಹಿಡಿದರೆ ಬಿಡುವುದಿಲ್ಲ. ಮದ್ದು ಹೊಡೆಯಲು ಒಂದು ಒಣ ದಿನ ಸಿಗುವುದಿಲ್ಲ, ಅಡಿಕೆಗೆ ಕೊಳೆ ಬೀಳುತ್ತದೆ. ಈಚಿನ ವರ್ಷಗಳಲ್ಲಿ ಅದರ ಮೇಲೆ ಎಲೆಚುಕ್ಕೆ ಬೇರೆ. ಭದ್ರಾವತಿಯಲ್ಲಿ ಇನ್ನೊಂದು ಕಥೆ. 1918ರಲ್ಲಿ ಹುಟ್ಟಿದ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಮಾತು 2023ರ ಜನವರಿಯಲ್ಲಿ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಶರಾವತಿ ಕಡೆ ಹೋದರೆ, 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ ಮಠ ಬಿಟ್ಟವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರ ಅಂತ ಅಲೆಯುತ್ತಿದ್ದಾರೆ.

ಇವರಲ್ಲಿ ಯಾರಾದರೂ ಗೋಡೆ ಕಡೆ ಕೈ ತೋರಿಸಿ, "ಹಿತದ ಯೋಚನೆ ಅಂದರೆ ಇದೇನಾ?" ಅಂತ ಕೇಳಿದರೆ ಏನು ಹೇಳುತ್ತೀರಿ? ಬಹಳ ಜನ ಏನೂ ಹೇಳುವುದಿಲ್ಲ. ಇನ್ನೊಂದು ವಚನ ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಅಷ್ಟೇ.

ಈ ವಿಡಿಯೋದಲ್ಲಿ ನಾನು ಹೇಳುವುದು ಒಂದೇ ವಿಷಯ. ಅದು ಒಂದು ಪತ್ರದ ಸಾಲು. ಪತ್ರ ಪೂರ್ತಿ ಓದಿದರೆ ಕಷ್ಟದ ಕಾಲದಲ್ಲಿ ಆ ಸಾಲನ್ನು ನಂಬುವುದು ಹೇಗೆ ಅಂತ ಗೊತ್ತಾಗುತ್ತದೆ. ಸಾಲು ಮಾತ್ರ ಓದಿದರೆ ಜುಲೈ ಹೊತ್ತಿಗೆ ನಂಬಿಕೆಗೂ ಕೊಳೆ ಹಿಡಿಯುತ್ತದೆ.

[ಪರದೆ ಮೇಲೆ: ಕ್ರಿ.ಪೂ. 597, ಯೆರೂಸಲೇಮ್]

ಕ್ರಿ.ಪೂ. 597ರಲ್ಲಿ ಬಾಬೆಲಿನ, ಅಂದರೆ ಬ್ಯಾಬಿಲೋನಿನ, ರಾಜ ನೆಬೂಕದ್ನೆಚ್ಚರ ಯೆಹೂದದ ರಾಜಧಾನಿ ಯೆರೂಸಲೇಮನ್ನು ಹಿಡಿದ. ರಾಜ ಯೆಹೋಯಾಖೀನನನ್ನು, ಅವನ ತಾಯಿಯನ್ನು, ಅಧಿಕಾರಿಗಳನ್ನು, ಕಮ್ಮಾರರನ್ನು, ಕೈಕಸುಬು ಗೊತ್ತಿದ್ದವರನ್ನೆಲ್ಲ ಬಾಬೆಲಿಗೆ ಸಾಗಿಸಿದ. ದೇವಾಲಯದ ಪಾತ್ರೆಗಳೂ ಹೋದವು. ಉಳಿದವರ ಮೇಲೆ ಚಿದ್ಕೀಯನನ್ನು ರಾಜನಾಗಿ ಕೂರಿಸಿದ.

ಆಗ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಇದು ಎಷ್ಟು ದಿನ? ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ, ಎಲ್ಲರ ಎದುರಿಗೆ ಉತ್ತರ ಕೊಟ್ಟ. ಎರಡೇ ವರ್ಷ! ಪಾತ್ರೆ ವಾಪಸ್, ರಾಜ ವಾಪಸ್, ಸೆರೆಗೆ ಹೋದವರೆಲ್ಲ ವಾಪಸ್. ಜನಕ್ಕೆ ಇನ್ನೇನು ಬೇಕು, ಅಲ್ವಾ?

ಅಲ್ಲೇ ಪ್ರವಾದಿ ಯೆರೆಮೀಯ ನಿಂತಿದ್ದ. ಕುತ್ತಿಗೆಯ ಮೇಲೆ ಮರದ ನೊಗ. ಬಾಬೆಲಿನ ಅಧೀನ ಸದ್ಯಕ್ಕೆ ತಪ್ಪಿದ್ದಲ್ಲ ಅಂತ ತೋರಿಸಲು ಅದನ್ನು ಹೊತ್ತು ತಿರುಗುತ್ತಿದ್ದ. ಹನನ್ಯನ ಮಾತು ಕೇಳಿ ಅವನು ಮೊದಲು ಅಂದದ್ದು ಏನು ಗೊತ್ತಾ? "ಆಮೆನ್." ಹಾಗೇ ಆಗಲಿ, ದೇವರು ನಿನ್ನ ಮಾತು ನಡೆಸಲಿ ಅಂದ. ಅವನಿಗೂ ತನ್ನ ಜನ ಬೇಗ ಬರಬೇಕು ಅಂತಲೇ ಆಸೆ. ಆದರೆ ಒಂದು ಮಾತು ಸೇರಿಸಿದ: ಸಮಾಧಾನದ ಪ್ರವಾದನೆ ಹೇಳಿದವನು ನಿಜವಾದ ಪ್ರವಾದಿ ಹೌದೋ ಅಲ್ಲವೋ ಅನ್ನುವುದು ಅದು ನಡೆದಾಗಲೇ ತಿಳಿಯುತ್ತದೆ.

ಹನನ್ಯ ಆ ನೊಗವನ್ನು ಕಿತ್ತು ಮುರಿದು ಹಾಕಿದ. ಯೆರೆಮೀಯ ಸುಮ್ನೆ ಎದ್ದು ಹೋದ. ಈ ಸುಮ್ಮನೆ ಹೋದದ್ದು ನನಗೆ ಬಹಳ ಇಷ್ಟ. ಇವತ್ತಾಗಿದ್ದರೆ ಸಂಜೆಯೊಳಗೆ ಎರಡು ಲೈವ್ ಬಂದಿರುತ್ತಿತ್ತು. ಆಮೇಲೆ ದೇವರಿಂದ ಬಂದ ಮಾತು ಹೀಗಿತ್ತು: ನೀನು ಮುರಿದದ್ದು ಮರದ ನೊಗ, ಅದರ ಬದಲು ಕಬ್ಬಿಣದ ನೊಗ ಬರುತ್ತದೆ. ಹನನ್ಯ ಅದೇ ವರ್ಷ ತೀರಿಕೊಂಡ.

29ನೇ ಅಧ್ಯಾಯದ ಪತ್ರವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅದು ಬಾಬೆಲಿನಲ್ಲಿ ಸೆರೆಯಲ್ಲಿ ಇದ್ದವರಿಗೆ ಯೆರೆಮೀಯ ಬರೆದ ಪತ್ರ. ಒಯ್ದವರು ಚಿದ್ಕೀಯನ ದೂತರು. ಅಲ್ಲಿಯೂ ಹನನ್ಯನಂಥವರು ಇದ್ದರು. ಜನ ಗಂಟುಮೂಟೆ ಬಿಚ್ಚದೆ ಕೂತಿದ್ದರು ಅಂತ ಕಾಣುತ್ತದೆ. ಯಾಕೆಂದರೆ ಪತ್ರದ ಮೊದಲ ಮಾತೇ: ಮನೆ ಕಟ್ಟಿ, ವಾಸ ಮಾಡಿ. ತೋಟ ಹಾಕಿ, ಅದರ ಫಲ ಉಣ್ಣಿ. ಮದುವೆಯಾಗಿ, ಮಕ್ಕಳಿಗೆ ಮದುವೆ ಮಾಡಿ. ನಿಮ್ಮನ್ನು ಸೆರೆ ಒಯ್ದ ಆ ಊರಿನ ಕ್ಷೇಮಕ್ಕೆ ದುಡಿಯಿರಿ, ಅದಕ್ಕಾಗಿ ಪ್ರಾರ್ಥನೆ ಮಾಡಿ. ಹೌದು, ವೈರಿಯ ಊರಿಗಾಗಿ!

10ನೇ ವಚನದಲ್ಲಿ ಲೆಕ್ಕ ಬರುತ್ತದೆ. ಎರಡು ವರ್ಷ ಅಲ್ಲ, 70 ವರ್ಷ. ಅದು ಮುಗಿದ ಮೇಲೆ ಕರೆದುಕೊಂಡು ಬರುತ್ತೇನೆ. ಅದರ ಬೆನ್ನಿಗೇ ನಮ್ಮ 11ನೇ ವಚನ.

ಈಗ ಆ ಪತ್ರ ಕೇಳಿಸಿಕೊಂಡ ಒಬ್ಬ ನಲವತ್ತು ವರ್ಷದವನನ್ನು ನೆನೆಸಿಕೊಳ್ಳಿ. ಅವನು ಊರಿಗೆ ವಾಪಸ್ ಹೋಗುವುದಿಲ್ಲ. ಅವನಿಗೆ ಅದು ಅರ್ಥವಾಗಿದೆ. ಅವನ ಪಾಲಿಗೆ ಹಿತದ ಯೋಚನೆ ಅಂದರೆ ಇವತ್ತು ಪರದೇಶದ ಮಣ್ಣಿನಲ್ಲಿ ಗುಂಡಿ ತೋಡಿ ಸಸಿ ಇಡುವುದು. ಅಡಿಕೆ ಸಸಿ ಇಟ್ಟು ಫಸಲಿಗೆ ಐದಾರು ವರ್ಷ ಕಾಯುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಒಂದು ಮಾತು ನೇರವಾಗಿ ಹೇಳುತ್ತೇನೆ. ಕೊಳೆಗೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಮದ್ದು ಹೊಡೆಯುವುದು ಅಪನಂಬಿಕೆ ಅಲ್ಲ. ಕೆಲಸ ಹೋದಾಗ ಬೇರೆ ಕೆಲಸ ಕಲಿಯುವುದು ಅಪನಂಬಿಕೆ ಅಲ್ಲ. "ಏಳು ದಿನದಲ್ಲಿ ನಿಮ್ಮ ಸಾಲ ತೀರುತ್ತದೆ, ಆಮೆನ್ ಅಂತ ಟೈಪ್ ಮಾಡಿ" ಅನ್ನುವವರು ಹನನ್ಯನ ಕಡೆಯವರು. ವಾಗ್ದಾನದ ಕಾರ್ಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಎತ್ತಿ. ಮನೆಗೆ ಬಂದು ಆ ಅಧ್ಯಾಯ ಪೂರ್ತಿ ಓದಿ.

[ದೃಶ್ಯ: ಜೇಡಿಮಣ್ಣಿನ ಹಲಗೆಯ ರೇಖಾಚಿತ್ರ, ಬೆಣೆಯಾಕಾರದ ಅಕ್ಷರಗಳು.]

ಸರಿ, ಇದೆಲ್ಲ ನಡೆದದ್ದೇ? ಕಮೆಂಟಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ.

ಬಾಬೆಲ್ ನಗರದ ಉತ್ಖನನದಲ್ಲಿ ಜರ್ಮನಿಯ ಕೋಲ್ಡೆವೈ ತಂಡಕ್ಕೆ ಅರಮನೆಯ ಪಡಿತರದ ಲೆಕ್ಕ ಬರೆದ ಮಣ್ಣಿನ ಹಲಗೆಗಳು ಸಿಕ್ಕವು. ಅದರಲ್ಲಿ ಯೆಹೂದದ ರಾಜ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಇಷ್ಟಿಷ್ಟು ಎಣ್ಣೆ ಅಂತ ಬರೆದಿದೆ. 597ರಲ್ಲಿ ಸೆರೆ ಹೋದ ಅದೇ ರಾಜ. ರೇಷನ್ ಲೆಕ್ಕ ಬರೆದ ಗುಮಾಸ್ತನಿಗೆ ಬೈಬಲನ್ನು ಸಾಬೀತು ಮಾಡುವ ದರ್ದು ಇರಲಿಲ್ಲ ನೋಡಿ. ಇನ್ನೊಂದಷ್ಟು ಹಲಗೆಗಳಲ್ಲಿ ಬಾಬೆಲ್ ಸೀಮೆಯ "ಯೆಹೂದದ ಊರು" ಎಂಬ ಹಳ್ಳಿಯ ಹೆಸರಿದೆ. ಅಲ್ಲಿನವರು ಜಮೀನು ಗೇಣಿಗೆ ಮಾಡಿದ್ದು, ಬಾರ್ಲಿ, ಖರ್ಜೂರ ಅಳೆದು ಕೊಟ್ಟದ್ದು ದಾಖಲಾಗಿದೆ. ತೋಟ ಹಾಕಿ ಅಂದರೆ ಹಾಕಿದ್ದಾರೆ.

ಒಂದು ಎಚ್ಚರಿಕೆ. ಯೆರೆಮೀಯನ ಬರಹಗಾರ ಬಾರೂಕನ ಮುದ್ರೆ ಸಿಕ್ಕಿದೆ ಅಂತ ಒಂದು ಫೋಟೋ ಪ್ರಸಂಗಗಳಲ್ಲಿ ಓಡಾಡುತ್ತದೆ. ಅದು ಹಳೆ ವಸ್ತುಗಳ ಮಾರುಕಟ್ಟೆಯಿಂದ ಬಂದದ್ದು. 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ನಕಲಿ ಅಂತ ಹೇಳಿದರು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಸುಳ್ಳು ಸಾಕ್ಷಿಯ ಆಸರೆ ವಾಕ್ಯಕ್ಕೆ ಬೇಕಾಗಿಲ್ಲ.

ನಿಜವಾದದ್ದು ಇದಕ್ಕಿಂತ ಚೆನ್ನಾಗಿದೆ. 36ನೇ ಅಧ್ಯಾಯದಲ್ಲಿ ಯೆಹೋಯಾಖೀನನ ತಂದೆ, ರಾಜ ಯೆಹೋಯಾಕೀಮ, ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆ ಮುಂದೆ ಕೂತಿದ್ದಾನೆ. ಯೆರೆಮೀಯನ ಸುರುಳಿಯನ್ನು ಓದಿಸುತ್ತಾನೆ. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಚೂರಿಯಿಂದ ಕತ್ತರಿಸಿ ಬೆಂಕಿಗೆ ಎಸೆಯುತ್ತಾನೆ. ಸುಡಬೇಡಿ ಅಂತ ಬೇಡಿಕೊಂಡವರಲ್ಲಿ ಶಾಫಾನನ ಮಗ ಗೆಮರ್ಯ ಒಬ್ಬ. ರಾಜ ಕೇಳಲಿಲ್ಲ. ಯೆರೆಮೀಯ ಇನ್ನೊಂದು ಸುರುಳಿ ತರಿಸಿ ಮತ್ತೆ ಹೇಳಿ ಬರೆಸಿದ, ಇನ್ನೂ ಎಷ್ಟೋ ಮಾತು ಸೇರಿಸಿ.

1982ರಲ್ಲಿ ಯೆರೂಸಲೇಮಿನ ಹಳೆಯ ದಾವೀದನ ಪಟ್ಟಣದ ಭಾಗದಲ್ಲಿ ಯಿಗಾಲ್ ಶಿಲೋ ಅವರ ಉತ್ಖನನದಲ್ಲಿ ಸುಮಾರು 50 ಮಣ್ಣಿನ ಮುದ್ರೆಗಳು ಒಂದೇ ಕಡೆ ಸಿಕ್ಕವು. ಒಂದರ ಮೇಲೆ "ಶಾಫಾನನ ಮಗ ಗೆಮರ್ಯನದು" ಅಂತಿದೆ. ಇದು ಅದೇ ಗೆಮರ್ಯ ಅಂತ ಅನೇಕ ಪಂಡಿತರ ಅಭಿಪ್ರಾಯ. ಬೆರಳ ತುದಿಯಷ್ಟು ಜೇಡಿಮಣ್ಣು. ಪತ್ರದ ದಾರಕ್ಕೆ ಒತ್ತಿ ಅಂಟಿಸಿದ್ದು. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಊರಿಗೆ ಬೆಂಕಿ ಇಟ್ಟಾಗ ಪತ್ರಗಳು ಸುಟ್ಟುಹೋದವು. ಮಣ್ಣು ಹೆಂಚಿನ ಹಾಗೆ ಬೆಂದು ಗಟ್ಟಿಯಾಯಿತು. ಅದಕ್ಕೇ ಉಳಿಯಿತು.

ಯೆರೆಮೀಯನ ಪುಸ್ತಕ ಹಳೆಯ ಗ್ರೀಕ್ ಅನುವಾದದಲ್ಲಿ ಹೀಬ್ರೂವಿಗಿಂತ ಸುಮಾರು ಎಂಟನೇ ಒಂದು ಭಾಗ ಚಿಕ್ಕದು. ಅಧ್ಯಾಯಗಳ ಕ್ರಮವೂ ಬೇರೆ. ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಸುಟ್ಟು, ಮತ್ತೆ ಬರೆದು, ಬೆಳೆದ ಪುಸ್ತಕ ನಾನು ಅಂತ ಅದೇ ಹೇಳಿಕೊಂಡಿದೆಯಲ್ಲ.

[ದೃಶ್ಯ: ಹಳೆಯ ಪಹಣಿ, ಕ್ರಯಪತ್ರ ಕಟ್ಟಿಟ್ಟ ಬಟ್ಟೆಯ ಗಂಟು.]

ಈಗ ಹೊಲದ ಕಥೆಗೆ ಬರೋಣ. 32ನೇ ಅಧ್ಯಾಯ. ಪತ್ರ ಬರೆದು ವರ್ಷಗಳಾಗಿವೆ. ಬಾಬೆಲಿನ ಸೈನ್ಯ ಮತ್ತೆ ಬಂದು ಯೆರೂಸಲೇಮನ್ನು ಮುತ್ತಿದೆ. ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಾಳು. ಆಗ ಅವನ ಚಿಕ್ಕಪ್ಪನ ಮಗ ಹನಮೇಲ ಬರುತ್ತಾನೆ. ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ, ಬಂಧುವಾಗಿ ಕೊಳ್ಳುವ ಹಕ್ಕು ನಿನ್ನದು ಅನ್ನುತ್ತಾನೆ.

ಅನಾತೋತ್ ಇರುವುದು ಯೆರೂಸಲೇಮಿನಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ. ಅಂದರೆ ವೈರಿ ಸೈನ್ಯದ ಆಚೆ. ನಮ್ಮ ಕಡೆಯ ಯಾವ ಬ್ರೋಕರ್ ಕೂಡ ಮುಟ್ಟದ ಜಾಗ!

ಯೆರೆಮೀಯ ಕೊಂಡ. 17 ಶೆಕೆಲ್ ಬೆಳ್ಳಿ. ಶೆಕೆಲ್ ಅಂದರೆ ಸುಮಾರು 11 ಗ್ರಾಂ, ಒಟ್ಟು 200 ಗ್ರಾಂಗೆ ಹತ್ತಿರ. ಬೈಬಲ್ ಇಲ್ಲಿ ಅವಸರ ಮಾಡುವುದಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೂತ ಹಾಗೆ ಒಂದೊಂದನ್ನೂ ಬರೆಯುತ್ತದೆ. ಪತ್ರಕ್ಕೆ ರುಜು ಹಾಕಿದ. ಮುದ್ರೆ ಒತ್ತಿದ. ಸಾಕ್ಷಿ ಕರೆಸಿದ. ತಕ್ಕಡಿಯಲ್ಲಿ ಬೆಳ್ಳಿ ತೂಗಿ ಕೊಟ್ಟ. ಪತ್ರದ ಪ್ರತಿ ಎರಡು, ಒಂದು ಮುದ್ರೆ ಹಾಕಿ ಮುಚ್ಚಿದ್ದು, ಒಂದು ತೆರೆದದ್ದು. ಎರಡನ್ನೂ ಬಾರೂಕನ ಕೈಗೆ ಕೊಟ್ಟು, ಮಣ್ಣಿನ ಮಡಕೆಯಲ್ಲಿ ಇಡು, ಬಹುಕಾಲ ಉಳಿಯಲಿ ಅಂದ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷೆ ತೋಟಗಳ ಕ್ರಯ ವಿಕ್ರಯ ಮತ್ತೆ ನಡೆಯುತ್ತದೆ. ದೇವರ ಮಾತು ಅದು.

ಹಕ್ಕುಪತ್ರಕ್ಕಾಗಿ ಒಂದು ಆಯುಷ್ಯ ಕಾದವರ ಮನೆಯಲ್ಲಿ ಈ ಅಧ್ಯಾಯ ಓದಿ ನೋಡಿ. ವಿವರಿಸಲು ಪಾಸ್ಟರ್ ಬೇಕಾಗುವುದಿಲ್ಲ.

ನನ್ನನ್ನು ಹಿಡಿದದ್ದು ಇದರ ಮುಂದಿನ ಭಾಗ. ಹಣ ಕೊಟ್ಟಾಯಿತು, ಪತ್ರ ಆಯಿತು. ಆಮೇಲೆ ಯೆರೆಮೀಯ ಪ್ರಾರ್ಥನೆಗೆ ಕೂರುತ್ತಾನೆ. ಸೃಷ್ಟಿಯಿಂದ ಶುರು ಮಾಡಿ, ತನ್ನ ಜನರನ್ನು ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಬಿಡಿಸಿದ್ದನ್ನೆಲ್ಲ ಸ್ತುತಿಸಿ, ಕೊನೆಗೆ ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿಯೇ ಬಿಡುತ್ತಾನೆ. ಅಲ್ಲಿ ನೋಡು ದಿಬ್ಬಗಳು, ಊರು ಹಿಡಿಯಲು ಹಾಕಿದ್ದಾರೆ. ಕತ್ತಿ, ಬರಗಾಲ, ರೋಗ. ಊರು ಹೋದ ಹಾಗೆಯೇ. ಇಂಥದ್ದರಲ್ಲಿ ಹಣ ಕೊಟ್ಟು ಹೊಲ ತೆಗೆದುಕೋ, ಸಾಕ್ಷಿ ಹಾಕಿಸು ಅಂತ ನನಗೆ ಹೇಳಿದೆಯಲ್ಲ!

ಅನುಮಾನ ಬಂದದ್ದು ಕ್ರಯ ಮುಗಿದ ಮೇಲೆ. ದೇವರು ಅದಕ್ಕೆ ಬೈಯುವುದಿಲ್ಲ. ನನಗೆ ಅಸಾಧ್ಯವಾದದ್ದು ಇದೆಯೇ ಅಂತ ಕೇಳುತ್ತಾನೆ. ಊರು ಬೀಳುತ್ತದೆ ಅನ್ನುವುದನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತಾನೆ. ಎರಡೂ ಒಂದೇ ಉತ್ತರದಲ್ಲಿ. ಹಾಗಾಗಿ, ವಾಕ್ಯ ಓದುವಾಗ ಪ್ರಶ್ನೆ ಬರುತ್ತದೆ, ನನ್ನ ನಂಬಿಕೆ ಕಮ್ಮಿ ಇರಬೇಕು ಅಂತ ಮೆಸೇಜ್ ಮಾಡುವವರಿಗೆ ನಾನು 32:25 ಕಳಿಸುತ್ತೇನೆ. ಯೆರೆಮೀಯನೇ ಕೇಳಿದ್ದಾನೆ, ನೀವೂ ಕೇಳಿ.

ಊರು ಬಿತ್ತು. ಯೆರೆಮೀಯನನ್ನು ಅವನ ಜನರೇ ಐಗುಪ್ತಕ್ಕೆ ಎಳೆದುಕೊಂಡು ಹೋದರು. ಅವನು ಆ ಹೊಲದಲ್ಲಿ ಒಂದು ದಿನ ಉತ್ತ ಸುದ್ದಿ ಬೈಬಲಿನಲ್ಲಿ ಎಲ್ಲೂ ಇಲ್ಲ.

ಕ್ರಿ.ಪೂ. 539ರಲ್ಲಿ ಪರ್ಷಿಯದ ರಾಜ ಕೋರೆಷ (ಸೈರಸ್) ಬಾಬೆಲನ್ನು ಗೆದ್ದ. ಸೆರೆಯವರಿಗೆ ಊರಿಗೆ ಹೋಗಲು ಅಪ್ಪಣೆಯಾಯಿತು. ಎಜ್ರನ ಪುಸ್ತಕದ 2ನೇ ಅಧ್ಯಾಯದಲ್ಲಿ ವಾಪಸ್ ಬಂದವರ ಪಟ್ಟಿ ಇದೆ. ಊರಿನ ಹೆಸರು, ತಲೆ ಲೆಕ್ಕ, ಬರೀ ಇಷ್ಟೇ. ನಾವೆಲ್ಲ ಹಾರಿಸಿ ಓದುವ ಅಧ್ಯಾಯ. ಅದರ 23ನೇ ವಚನ: ಅನಾತೋತಿನವರು 128 ಮಂದಿ.

[ಪರದೆ ಮೇಲೆ: ಓದುವ ಕ್ರಮ – ಯೆರೆಮೀಯ 28, 29, 36, 32; ಎಜ್ರ 2]

ಈ ಕ್ರಮದಲ್ಲಿ ಓದಿ, ಒಂದು ವಾರಕ್ಕೆ ಧಾರಾಳ ಆಗುತ್ತದೆ. ಮುಂದಿನ ವಿಡಿಯೋ ಹಬಕ್ಕೂಕನ ಮೇಲೆ. ಅಂಜೂರ ಚಿಗುರದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಅಂತ ಹಾಡಿದವನು. ಅದನ್ನು ಒಂದು ತೋಟದಲ್ಲೇ ಕೂತು ಶೂಟ್ ಮಾಡಬೇಕು ಅಂತಿದ್ದೇವೆ, ಮಳೆ ಬಿಟ್ಟರೆ.